ಆಟಕ್ಕೊಬ್ಬ ಪ್ರಕಾಶಕ: ಡಗ್ ಕಾರ್ಲ್‌ಸ್ಟನ್ ಮತ್ತು ಬ್ರೋಡರ್‌ಬಂಡ್ ಸಂಸ್ಥೆ

ಮಕ್ಕಳ ಕೈಗೆ ಕಂಪ್ಯೂಟರ್ ಬಂದ ಮೊದಲ ದಿನಗಳ ಚರಿತ್ರೆ ಬರೆಯಹೊರಟವರು ಅಮೆರಿಕದ ಬ್ರೋಡರ್‌ಬಂಡ್ ಸಂಸ್ಥೆಯನ್ನು ಬಿಟ್ಟು ಮುಂದೆ ಹೋಗಲಾರರು. 1980ರಲ್ಲಿ ಒರೆಗಾನ್ ರಾಜ್ಯದ ಯೂಜೀನ್ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಹುಟ್ಟುಹಾಕಿದ ಈ ಸಂಸ್ಥೆ, 1998ರಲ್ಲಿ ಬೇರೊಂದು ಕಂಪನಿಯ ಪಾಲಾಗುವವರೆಗೆ ಹದಿನೆಂಟು ವರ್ಷ ಬಾಳಿತು. ಅಷ್ಟರಲ್ಲಿ ಅದು ಹೊರತಂದ ‘ಲೋಡ್ ರನ್ನರ್’, ‘ಪ್ರಿಂಟ್ ಶಾಪ್’, ‘ಕಾರ್ಮೆನ್ ಸ್ಯಾಂಡಿಯಾಗೊ’, ‘ಪ್ರಿನ್ಸ್ ಆಫ್ ಪರ್ಷಿಯಾ’, ‘ಕಿಡ್ ಪಿಕ್ಸ್’, ‘ಮಿಸ್ಟ್’ ಒಂದೊಂದೂ ತನ್ನ ಬಗೆಯಲ್ಲಿ ಮೊದಲ ಸಾಲಿನದು. ಒಂದೇ ಸಂಸ್ಥೆ ಆಟದಲ್ಲೂ ಕಲಿಕೆಯಲ್ಲೂ ಇಷ್ಟು ಮೇಲ್ಮಟ್ಟದ ಕೆಲಸ ಮಾಡಿದ್ದು ಅಪರೂಪ. ಇದು ಹೇಗಾಯಿತು ಎಂಬ ಪ್ರಶ್ನೆಗೆ ಉತ್ತರ ಅದರ ಸ್ಥಾಪಕ ಡಗ್ ಕಾರ್ಲ್‌ಸ್ಟನ್ ಅವರ ವೃತ್ತಿಜೀವನದಲ್ಲಿದೆ. ಅವರು ತಂತ್ರಾಂಶವನ್ನು ಪುಸ್ತಕದಂತೆ ಕಂಡರು. ಪುಸ್ತಕಕ್ಕೆ ಲೇಖಕ ಹೇಗೋ ಆಟಕ್ಕೂ ಒಬ್ಬ ಕರ್ತೃ ಇರುತ್ತಾನೆ, ಆ ಕರ್ತೃವನ್ನು ಹುಡುಕಿ, ತಿದ್ದಿ, ಕಾದು, ಅವನ ಕೆಲಸವನ್ನು ಓದುಗರ ಮನೆಗೆ ಮುಟ್ಟಿಸುವುದು ಪ್ರಕಾಶಕನ ಧರ್ಮ ಎಂದು ನಂಬಿ ನಡೆದರು. ಸಂಸ್ಥೆಯ ಏಳಿಗೆ ಆ ನಂಬಿಕೆಯ ಮೇಲೆ ನಿಂತಿತ್ತು. ಅದು ಸಡಿಲವಾದ ಕಾಲದಲ್ಲೇ ಅವನತಿಯೂ ಬಂತು.

ವಕೀಲಿಯಿಂದ ಆಟಕ್ಕೆ

ಡಗ್ ಕಾರ್ಲ್‌ಸ್ಟನ್ ಹುಟ್ಟಿದ್ದು 1947ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಕಾನೂನು ಪದವಿಯನ್ನೂ ಪಡೆದು, ಮೇಯ್ನ್ ರಾಜ್ಯದ ಗ್ರಾಮೀಣ ಭಾಗದಲ್ಲಿ ವಕೀಲಿ ಮಾಡಿಕೊಂಡಿದ್ದರು. 1977ರಲ್ಲಿ ರೇಡಿಯೊ ಶ್ಯಾಕ್ ಕಂಪನಿ ಟಿಆರ್‌ಎಸ್-80 ಎಂಬ ಗೃಹ ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅಂಥದೊಂದನ್ನು ಕೊಂಡ ಡಗ್ 1979ರಲ್ಲಿ ಅದರ ಮೇಲೆ ‘ಗ್ಯಾಲಕ್ಟಿಕ್ ಎಂಪೈರ್’ ಎಂಬ ಆಟ ಬರೆದರು. ನಕ್ಷತ್ರಲೋಕಗಳನ್ನು ಒಂದೊಂದಾಗಿ ಗೆದ್ದು ಸಾಮ್ರಾಜ್ಯ ಕಟ್ಟುವ, ಗುಂಡು ಹಾರಿಸುವ ಚುರುಕಿಗಿಂತ ಲೆಕ್ಕಾಚಾರ ಮತ್ತು ತಾಳ್ಮೆ ಹೆಚ್ಚು ಬೇಕಾಗುವ ಆಟ ಅದು. ಅದೇ ಕಥೆಯ ಎಳೆ ಹಿಡಿದು ಮುಂದಿನ ಆಟಗಳೂ ಬಂದವು.

ಆಟಕ್ಕೆ ಕೊಳ್ಳುವವರು ಸಿಕ್ಕಾಗ ಡಗ್ ವಕೀಲಿ ಕೈಬಿಟ್ಟರು. ತಮ್ಮ ಗ್ಯಾರಿ ಯೂಜೀನ್‌ನಲ್ಲಿದ್ದರು. ಹಲವು ಕೆಲಸಗಳನ್ನು ಮಾಡಿ ನೋಡಿದ್ದ ಅವರು ಕಾಲೇಜೊಂದರಲ್ಲಿ ಸ್ವೀಡಿಷ್ ಭಾಷೆಯನ್ನೂ ಕಲಿಸಿದ್ದರು. ಇಬ್ಬರಿಗೂ ವ್ಯಾಪಾರದ ತರಬೇತಿ ಇರಲಿಲ್ಲ. ಅಣ್ಣನ ಆಟಗಳನ್ನು ಅಂಗಡಿಗಳಿಗೆ ಮಾರಲೆಂದೇ 1980ರಲ್ಲಿ ಸಂಸ್ಥೆ ತೆರೆದರು. ಮರುವರ್ಷ ತಂಗಿ ಕ್ಯಾಥಿ ನ್ಯೂಯಾರ್ಕಿನ ಲಾರ್ಡ್ ಅಂಡ್ ಟೇಲರ್ ಮಳಿಗೆಯ ಕೆಲಸ ಬಿಟ್ಟು ಬಂದು ಸೇರಿಕೊಂಡರು. ಸೋದರರ ಒಕ್ಕೂಟ ಎಂಬ ಅರ್ಥ ಬರುವಂತೆ ಇಟ್ಟ ಹೆಸರಿಗೆ ತಕ್ಕ ಮನೆತನದ ಕಸುಬು ಹೀಗೆ ಶುರುವಾಯಿತು.

ಮನೆಯವರು ಬರೆದ ಆಟಗಳಿಂದಷ್ಟೇ ಸಂಸ್ಥೆ ನಿಲ್ಲದು ಎಂಬುದು ಬೇಗ ತಿಳಿಯಿತು. ಜಪಾನಿನ ಸ್ಟಾರ್‌ಕ್ರಾಫ್ಟ್ ಕಂಪನಿಯ ಜೊತೆ ಒಪ್ಪಂದವಾಗಿ, ಟೋನಿ ಸುಜುಕಿ ಆ್ಯಪಲ್-2 ಯಂತ್ರಕ್ಕೆ ಬರೆದ ‘ಏಲಿಯನ್ ರೇನ್’ ಆಟವನ್ನು ಅಮೆರಿಕದಲ್ಲಿ ಮಾರುವ ಹಕ್ಕು ಬಂತು. ಅದು ಚೆನ್ನಾಗಿ ಓಡಿತು. ಹೊರಗಿನ ಪ್ರತಿಭೆಯನ್ನು ಗುರುತಿಸಿ ತರುವುದೇ ತಮ್ಮ ಕೆಲಸ ಎಂಬ ಅರಿವು ಕಾರ್ಲ್‌ಸ್ಟನ್ ಕುಟುಂಬಕ್ಕೆ ಬಂದದ್ದು ಅಲ್ಲಿಂದ. ಆಮೇಲೆ ಸಂಸ್ಥೆ ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ಗೆ ನೆಲೆ ಬದಲಿಸಿತು. ಮುಂದೆ ಪಕ್ಕದ ನೊವಾಟೊ ಊರಿಗೆ ಹೋಯಿತು.

ಕರ್ತೃಗಳ ಮನೆ

1980ರ ದಶಕದ ಆರಂಭದಲ್ಲಿ ಒಂದು ಆಟವನ್ನು ಒಬ್ಬರೇ ಬರೆಯಬಹುದಿತ್ತು. ಚಿತ್ರ, ಸದ್ದು, ನಿಯಮ, ಕೋಡ್ ಎಲ್ಲವೂ ಒಂದೇ ತಲೆಯಿಂದ ಬರುತ್ತಿದ್ದ ಕಾಲ. ಅಂಥವರಿಗೆ ಬ್ರೋಡರ್‌ಬಂಡ್ ಪುಸ್ತಕ ಪ್ರಕಾಶಕರ ಹಾಗೆ ರಾಯಲ್ಟಿ ಕೊಡುತ್ತಿತ್ತು. ಕರ್ತೃವಿನ ಹೆಸರು ಜನರಿಗೆ ತಿಳಿಯುತ್ತಿತ್ತು. ಹೀಗೆ ಬಂದವರು ಡ್ಯಾನ್ ಗಾರ್ಲಿನ್. 1982ರ ಅವರ ‘ಚಾಪ್‌ಲಿಫ್ಟರ್’ ಆಟದಲ್ಲಿ ಹೆಲಿಕಾಪ್ಟರ್ ಹಾರಿಸುತ್ತ ಒತ್ತೆಯಾಳುಗಳನ್ನು ಸುರಕ್ಷಿತವಾಗಿ ಕರೆತರಬೇಕು. ಎಷ್ಟು ಮಂದಿಯನ್ನು ಉಳಿಸಿದಿರಿ ಎಂಬುದೇ ಅಂಕ. ಹೊಡೆದುರುಳಿಸಿದ ಲೆಕ್ಕದಲ್ಲೇ ಗೆಲುವು ನಿರ್ಧಾರವಾಗುತ್ತಿದ್ದ ದಿನಗಳಲ್ಲಿ ಇದು ಹೊಸ ದಾರಿ.

ಮರುವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಗ್ಲಾಸ್ ಸ್ಮಿತ್ ಅವರ ‘ಲೋಡ್ ರನ್ನರ್’ ಬಂತು. ಏಣಿ ಹತ್ತಿ, ಇಟ್ಟಿಗೆಯಲ್ಲಿ ಗುಂಡಿ ತೋಡಿ, ಬೆನ್ನಟ್ಟುವವರನ್ನು ಅದರಲ್ಲಿ ಬೀಳಿಸಿ ಚಿನ್ನ ಕೂಡಿಸುವ 150 ಹಂತಗಳ ಆಟ. ಹಂತಗಳನ್ನು ಆಡುವವರೇ ಕಟ್ಟಿಕೊಳ್ಳುವ ಸಾಧನವನ್ನೂ ಅದರೊಳಗೇ ಇಟ್ಟಿದ್ದು ಇದರ ದೊಡ್ಡ ಹೆಗ್ಗಳಿಕೆ. ಮಗುವೊಂದು ತಾನೇ ಒಂದು ಹಂತ ರಚಿಸಬೇಕಾದರೆ ಎಲ್ಲಿ ಏಣಿ ಬೇಕು, ಎಲ್ಲಿ ದಾರಿ ಮುಚ್ಚಬೇಕು, ಆಡುವವನು ಎಲ್ಲಿ ಎಡವುತ್ತಾನೆ ಎಂದು ಮುಂದಾಗಿ ಯೋಚಿಸಬೇಕು. ಪೆಟ್ಟಿಗೆಯ ಮೇಲೆ ‘ಶೈಕ್ಷಣಿಕ’ ಎಂಬ ಪದ ಇರದಿದ್ದರೂ ತರ್ಕದ ಪಾಠ ಅದರಲ್ಲಿ ಸೊಗಸಾಗಿ ನಡೆಯುತ್ತಿತ್ತು.

ಜೋರ್ಡನ್ ಮೆಕ್ನರ್ ಅವರ ಪ್ರಸಂಗ ಡಗ್ ಅವರ ಸಂಪಾದಕ ಗುಣವನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಈ ಹುಡುಗ ‘ಡೆತ್‌ಬೌನ್ಸ್’ ಎಂಬ ಆಟ ಬರೆದು ಕಳಿಸಿದ್ದ. ಡಗ್ ಅದನ್ನು ಪ್ರಕಟಿಸಲಿಲ್ಲ. ಆದರೆ ತಳ್ಳಿಹಾಕಿ ಸುಮ್ಮನಾಗಲೂ ಇಲ್ಲ. ಹುಡುಗನೊಡನೆ ಮಾತಾಡಿ, ಆಟ ಎಲ್ಲಿಯವರೆಗೆ ಹೋಗಬಲ್ಲದು ಎಂದು ತಿಳಿಯಲಿ ಎಂದು ‘ಚಾಪ್‌ಲಿಫ್ಟರ್’ ಪ್ರತಿಯನ್ನು ಕಳಿಸಿಕೊಟ್ಟರು. ಅದರಿಂದ ಕಲಿತ ಮೆಕ್ನರ್ 1984ರಲ್ಲಿ ‘ಕರಾಟೆಕಾ’ ತಂದರು. ಆಮೇಲೆ ತಮ್ಮ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಚಿತ್ರಿಸಿಕೊಂಡು, ಒಂದೊಂದು ಚೌಕಟ್ಟನ್ನೂ ಗೆರೆಗಿಳಿಸಿ, ಕೆಲವು ವರ್ಷ ದುಡಿದು 1989ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಮುಗಿಸಿದರು. ಆ ಹೊತ್ತಿಗೆ ಆ್ಯಪಲ್-2 ಯಂತ್ರದ ಕಾಲ ಮುಗಿಯುತ್ತ ಬಂದಿದ್ದರಿಂದ ಮೊದಲಲ್ಲಿ ಮಾರಾಟ ಮಂದವಾಗಿತ್ತು. ಬೇರೆ ಯಂತ್ರಗಳಿಗೆ ಹೋದಂತೆ ಅದು ಜಗತ್ತೆಲ್ಲ ಹಬ್ಬಿತು. ಒಬ್ಬ ವಿದ್ಯಾರ್ಥಿಯ ಸೋತ ಮೊದಲ ಯತ್ನದಲ್ಲಿ ಮುಂದಿನ ಹತ್ತು ವರ್ಷಗಳ ಕರ್ತೃವನ್ನು ಕಂಡದ್ದು ಪ್ರಕಾಶಕನ ಕಣ್ಣು.

ತರಗತಿಯೊಳಗೆ ಮೊದಲ ಹೆಜ್ಜೆ

ಅಮೆರಿಕದ ಶಾಲೆಗಳಲ್ಲಿ ಆಗ ಆ್ಯಪಲ್-2 ಯಂತ್ರಗಳು ತುಂಬತೊಡಗಿದ್ದವು. ಮಿನ್ನೆಸೋಟಾ ರಾಜ್ಯದ ಸರ್ಕಾರಿ ಒಕ್ಕೂಟ ಎಂಇಸಿಸಿ ‘ಒರೆಗಾನ್ ಟ್ರೇಲ್’ನಂಥ ಆಟಗಳನ್ನು ಶಾಲೆಗಳಿಗೆ ಹಂಚುತ್ತಿತ್ತು. ಪೇಟೆಯಲ್ಲಿ ಸಿಗುತ್ತಿದ್ದ ಕಲಿಕೆಯ ತಂತ್ರಾಂಶಗಳಲ್ಲಿ ಹೆಚ್ಚಿನವು ಮಾತ್ರ ಲೆಕ್ಕ ಕೇಳಿ ಸರಿ ತಪ್ಪು ಹೇಳುವ ಕಂಠಪಾಠದ ಯಂತ್ರಗಳಾಗಿದ್ದವು. ಬ್ರೋಡರ್‌ಬಂಡ್ ಹಿಡಿದ ದಾರಿ ಬೇರೆ. ಮಗುವಿಗೆ ಒಂದು ಉಪಕರಣ ಕೊಟ್ಟು, ಅದರಿಂದ ಏನನ್ನಾದರೂ ಮಾಡಲು ಬಿಡುವ ದಾರಿ ಅದು.

1982ರ ‘ಬ್ಯಾಂಕ್ ಸ್ಟ್ರೀಟ್ ರೈಟರ್’ ಇದರ ಮೊದಲ ಫಲ. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನ ಸಹಯೋಗದಲ್ಲಿ ರೂಪುಗೊಂಡ ಈ ಬರವಣಿಗೆಯ ತಂತ್ರಾಂಶದಲ್ಲಿ ಮುಂದೇನು ಮಾಡಬೇಕೆಂಬ ಸೂಚನೆ ತೆರೆಯ ಮೇಲೆಯೇ ಇರುತ್ತಿತ್ತು. ಕಚೇರಿಯ ಗುಮಾಸ್ತರಿಗಾಗಿ ಮಾಡಿದ ತಂತ್ರಾಂಶಗಳ ಗೂಢ ಆಜ್ಞೆಗಳನ್ನು ಬಾಯಿಪಾಠ ಮಾಡುವ ಕಷ್ಟ ಮಕ್ಕಳಿಗೆ ತಪ್ಪಿತು. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು, ಸಾಲನ್ನು ಎತ್ತಿ ಬೇರೆಡೆ ಇಡಬಹುದು ಎಂಬ ಧೈರ್ಯ ಬಂದರೆ ಪ್ರಬಂಧ ತಿದ್ದುವುದು ಶಿಕ್ಷೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ಶಿಕ್ಷಣ ತತ್ತ್ವ.

1984ರ ‘ಪ್ರಿಂಟ್ ಶಾಪ್’ ಕಥೆಯಲ್ಲೂ ಸಂಪಾದಕರ ಪಾತ್ರವಿದೆ. ಡೇವಿಡ್ ಬಾಲ್ಸಮ್ ಮತ್ತು ಮಾರ್ಟಿನ್ ಕಾನ್ ತಂದಿದ್ದು ಫ್ಲಾಪಿಯಲ್ಲಿ ಶುಭಾಶಯ ಕಳಿಸುವ ಒಂದು ತಂತ್ರಾಂಶ. ಅದನ್ನು ನೋಡಿದ ಬ್ರೋಡರ್‌ಬಂಡ್‌ನವರು ಇದೇ ಶುಭಾಶಯ ಕಾಗದದ ಮೇಲೆ ಮುದ್ರಣವಾಗಿ ಬಂದರೆ ಹೇಗೆ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು ಕಾರ್ಡು, ಭಿತ್ತಿಪತ್ರ, ಉದ್ದನೆಯ ಬ್ಯಾನರ್‌ಗಳನ್ನು ಸಾಮಾನ್ಯ ಪ್ರಿಂಟರಿನಲ್ಲಿ ಅಚ್ಚುಹಾಕುವ ಸಾಧನ. ಶಾಲೆಯ ವಾರ್ಷಿಕೋತ್ಸವಕ್ಕೆ, ಗ್ರಂಥಾಲಯದ ಸೂಚನೆಗೆ, ಮನೆಯ ಹುಟ್ಟುಹಬ್ಬಕ್ಕೆ ಅದನ್ನೇ ಹಿಡಿದರು. ಮುದ್ರಣಾಲಯದ ಬಾಗಿಲಿಗೆ ಹೋಗದೆ ತಾವೇ ಅಚ್ಚುಹಾಕಿದ ಮೊದಲ ಕಾಗದ ಅಮೆರಿಕದ ಅನೇಕ ಮನೆಗಳಲ್ಲಿ ಈ ತಂತ್ರಾಂಶದಿಂದ ಹೊರಬಂದದ್ದು.

ಕಾರ್ಮೆನ್ ಬಂದಳು

ಸಂಸ್ಥೆಗೆ ಅಳಿಯದ ಹೆಸರು ತಂದದ್ದು 1985ರ ‘ವೇರ್ ಇನ್ ದ ವರ್ಲ್ಡ್ ಈಸ್ ಕಾರ್ಮೆನ್ ಸ್ಯಾಂಡಿಯಾಗೊ?’ ಡೇನ್ ಬಿಗಮ್, ಡಿಸ್ನಿಯಲ್ಲಿ ಕಲಾವಿದರಾಗಿದ್ದ ಜೀನ್ ಪೋರ್ಟ್‌ವುಡ್, ಲಾರೆನ್ ಎಲಿಯಟ್, ಬರಹಗಾರ ಡೇವಿಡ್ ಸೀಫ್ಕಿನ್ ಇವರೆಲ್ಲ ಸೇರಿ ಕಟ್ಟಿದ ಆಟ ಇದು. ಭೂಗೋಳವನ್ನು ಆಟವಾಗಿಸುವ ಯೋಚನೆಗೆ ಗ್ಯಾರಿ ಬೆನ್ನಿಗೆ ನಿಂತಿದ್ದರು.

ಆಡುವ ಮಗು ಒಬ್ಬ ಪತ್ತೇದಾರ. ಕಾರ್ಮೆನ್ ಎಂಬಾಕೆಯ ಕಳ್ಳರ ಗುಂಪು ಯಾವುದೋ ದೇಶದ ಅಮೂಲ್ಯ ವಸ್ತುವನ್ನು ಕದ್ದಿದೆ. ಹತ್ತು ಮಂದಿ ಶಂಕಿತರು, ಮೂವತ್ತು ನಗರಗಳು. ಒಂದೊಂದು ಊರಿನಲ್ಲೂ ಸಾಕ್ಷಿಗಳನ್ನು ಮಾತಾಡಿಸಿದರೆ ಸುಳಿವು ಸಿಗುತ್ತದೆ: ಕಳ್ಳ ಯಾವ ದೇಶದ ಹಣ ಬದಲಾಯಿಸಿಕೊಂಡ, ಯಾವ ಬಣ್ಣದ ಬಾವುಟದ ನಾಡಿಗೆ ಹೊರಟ, ಯಾವ ನದಿಯ ಬಗ್ಗೆ ವಿಚಾರಿಸಿದ. ಕೂದಲ ಬಣ್ಣ, ಹವ್ಯಾಸಗಳ ಸುಳಿವು ಕೂಡಿಸಿ ಬಂಧನದ ವಾರಂಟ್ ಪಡೆಯಬೇಕು. ಗಡುವು ಮೀರಿದರೆ ಕಳ್ಳ ಪರಾರಿ. ಪ್ರಕರಣ ಗೆಲ್ಲುತ್ತ ಹೋದಂತೆ ಪತ್ತೇದಾರನಿಗೆ ಬಡ್ತಿ.

ಈ ಆಟದ ಅಸಲು ಜಾಣ್ಮೆ ಅದರ ಪೆಟ್ಟಿಗೆಯೊಳಗಿತ್ತು. ಫ್ಲಾಪಿಯ ಜೊತೆ ‘ವರ್ಲ್ಡ್ ಆಲ್ಮನಾಕ್’ ಎಂಬ ದಪ್ಪನೆಯ ವರ್ಷಪುಸ್ತಕದ ಪ್ರತಿಯನ್ನೂ ಇಟ್ಟಿದ್ದರು. ಉತ್ತರ ತೆರೆಯ ಮೇಲೆ ಇರಲಿಲ್ಲ. ಮಗು ಕೀಲಿಮಣೆಯಿಂದ ಕೈ ತೆಗೆದು, ಪುಸ್ತಕದ ಪುಟ ತಿರುವಿ, ಆ ನಾಣ್ಯ ಯಾವ ದೇಶದ್ದು ಎಂದು ಹುಡುಕಿ, ಮತ್ತೆ ಆಟಕ್ಕೆ ಮರಳಬೇಕಿತ್ತು. ಪರೀಕ್ಷೆಗಾಗಿ ಉರುಹೊಡೆಯಲು ಒಪ್ಪದ ಮಕ್ಕಳು ಕಳ್ಳನನ್ನು ಹಿಡಿಯುವ ಹಟದಲ್ಲಿ ರಾಜಧಾನಿಗಳನ್ನು ಕಲಿತರು. ಮಾಹಿತಿ ನೆನಪಿನಲ್ಲಿ ಉಳಿಯುವುದಕ್ಕಿಂತ ಮಿಗಿಲಾಗಿ, ಗೊತ್ತಿಲ್ಲದ್ದನ್ನು ಎಲ್ಲಿ ಹುಡುಕಬೇಕು ಎಂಬ ಅಭ್ಯಾಸ ಕೈಗೂಡಿತು. ಶೈಕ್ಷಣಿಕ ಆಟವೊಂದು ಕೊಡಬಹುದಾದ ಅತ್ಯುತ್ತಮ ಫಲ ಇದೇ ಎಂದು ನಾನು ನಂಬುತ್ತೇನೆ.

ಮುಂದೆ ಅಮೆರಿಕ, ಯೂರೋಪ್, ಇತಿಹಾಸದ ಕಾಲಗಳನ್ನು ಕುರಿತ ಕಂತುಗಳು ಬಂದವು. ನಾರ್ತ್ ಡಕೋಟಾ ರಾಜ್ಯದ ಶತಮಾನೋತ್ಸವದ ವರ್ಷವಾದ 1989ರಲ್ಲಿ ಅಲ್ಲಿನ ಶಿಕ್ಷಕರು ಕೈಜೋಡಿಸಿ ಆ ರಾಜ್ಯಕ್ಕೆಂದೇ ಒಂದು ಆವೃತ್ತಿಯನ್ನು ರೂಪಿಸಿದರು. 1991ರಲ್ಲಿ ಸಾರ್ವಜನಿಕ ದೂರದರ್ಶನ ಜಾಲ ಪಿಬಿಎಸ್, ಅಮೆರಿಕನ್ನರ ಭೂಗೋಳ ಜ್ಞಾನ ತೀರ ಕಡಿಮೆ ಎಂದು ತೋರಿಸಿದ್ದ ಸಮೀಕ್ಷೆಯ ಹಿನ್ನೆಲೆಯಲ್ಲಿ, ಇದೇ ಹೆಸರಿನ ರಸಪ್ರಶ್ನೆ ಕಾರ್ಯಕ್ರಮ ಆರಂಭಿಸಿತು. 1995ರವರೆಗೆ ನಡೆದ ಆ ಕಾರ್ಯಕ್ರಮ ಕಂಪ್ಯೂಟರ್ ಇಲ್ಲದ ಮನೆಗಳಿಗೂ ಕಾರ್ಮೆನ್‌ಳನ್ನು ಮುಟ್ಟಿಸಿತು.

ಕೈತಪ್ಪಿದ ನಗರ, ಕೈಗೂಡಿದ ಹೊಸ ಮಾಧ್ಯಮ

ಸಂಸ್ಥೆಯ ತೀರ್ಪು ಎಲ್ಲ ಬಾರಿಯೂ ಸರಿಯಾಗಿರಲಿಲ್ಲ. 1984ರಲ್ಲಿ ವಿಲ್ ರೈಟ್ ಅವರ ‘ರೇಡ್ ಆನ್ ಬಂಗ್ಲಿಂಗ್ ಬೇ’ ಎಂಬ ಹೆಲಿಕಾಪ್ಟರ್ ಆಟವನ್ನು ಬ್ರೋಡರ್‌ಬಂಡ್ ಪ್ರಕಟಿಸಿತ್ತು. ಬಾಂಬು ಹಾಕುವುದಕ್ಕಿಂತ ಆಟದ ಭೂಪಟದಲ್ಲಿ ದ್ವೀಪ, ರಸ್ತೆ, ಕಟ್ಟಡಗಳನ್ನು ರಚಿಸುವುದೇ ರೈಟ್‌ಗೆ ಹೆಚ್ಚು ಹಿಡಿಸಿತು. ಆ ಹುಚ್ಚಿನಿಂದ ‘ಸಿಮ್‌ಸಿಟಿ’ ಹುಟ್ಟಿತು. ಅದರಲ್ಲಿ ಸೋಲು ಗೆಲುವೇ ಇರಲಿಲ್ಲ; ಅಂಥದ್ದನ್ನು ಆಟವೆನ್ನುವುದು ಹೇಗೆ ಎಂದು ಬ್ರೋಡರ್‌ಬಂಡ್ ಹಿಂಜರಿಯಿತು. ಕೊನೆಗೆ ರೈಟ್ ಅವರು ಜೆಫ್ ಬ್ರಾನ್ ಜೊತೆ ಕಟ್ಟಿದ ಮ್ಯಾಕ್ಸಿಸ್ ಕಂಪನಿಯಿಂದ 1989ರಲ್ಲಿ ಅದು ಹೊರಬಂತು. ಆಗ ಅದನ್ನು ಅಂಗಡಿಗಳಿಗೆ ಹಂಚುವ ಹೊಣೆಯನ್ನು ಬ್ರೋಡರ್‌ಬಂಡೇ ಹೊತ್ತಿತು. ಮೊದಲು ಬೇಡವೆಂದಿದ್ದ ಕರ್ತೃವಿಗೆ ನಂತರ ಬೆನ್ನಾಗಿ ನಿಂತದ್ದು ಸಂಸ್ಥೆಯ ದೊಡ್ಡತನ.

1991ರ ‘ಕಿಡ್ ಪಿಕ್ಸ್’ ಬಂದದ್ದು ಒರೆಗಾನ್ ವಿಶ್ವವಿದ್ಯಾಲಯದ ಅಧ್ಯಾಪಕ ಕ್ರೇಗ್ ಹಿಕ್‌ಮನ್ ಅವರ ಮನೆಯಿಂದ. ದೊಡ್ಡವರ ಚಿತ್ರ ಬಿಡಿಸುವ ತಂತ್ರಾಂಶದೊಡನೆ ತನ್ನ ಪುಟ್ಟ ಮಗ ಒದ್ದಾಡುವುದನ್ನು ನೋಡಿ ಅವರು ಮಕ್ಕಳಿಗೆ ಒಗ್ಗುವ ಸಾಧನ ಬರೆದರು. ಕುಂಚ ಎಳೆದರೆ ಸದ್ದು, ಅಳಿಸಬೇಕೆಂದರೆ ತೆರೆಯೆಲ್ಲ ಸಿಡಿಯುವ ಪಟಾಕಿ. ತಪ್ಪು ಮಾಡುವುದಕ್ಕೂ ಅಳಿಸುವುದಕ್ಕೂ ಹೆದರದ ಮಗು ಎಷ್ಟು ಹೊತ್ತು ಬೇಕಾದರೂ ಚಿತ್ರ ಬಿಡಿಸುತ್ತದೆ ಎಂಬುದನ್ನು ಹಿಕ್‌ಮನ್ ಅರಿತಿದ್ದರು. ಮೊದಲು ಉಚಿತವಾಗಿ ಹಂಚಿದ್ದ ಅದನ್ನು ಬ್ರೋಡರ್‌ಬಂಡ್ ಬೆಳೆಸಿ ಪ್ರಕಟಿಸಿತು.

ಸಿ.ಡಿ.-ರಾಮ್ ಬಂದಾಗ ಮಾರ್ಕ್ ಶ್ಲಿಕ್ಟಿಂಗ್ ಅವರ ಮುಂದಾಳತ್ವದಲ್ಲಿ ‘ಲಿವಿಂಗ್ ಬುಕ್ಸ್’ ಮಾಲೆ ಮೊದಲಾಯಿತು. 1992ರ ‘ಜಸ್ಟ್ ಗ್ರ್ಯಾಂಡ್ಮಾ ಅಂಡ್ ಮಿ’, ಮರ್ಸರ್ ಮೇಯರ್ ಅವರ ಚಿತ್ರಪುಸ್ತಕದ ಜೀವಂತ ರೂಪ. ಓದುವ ದನಿಯ ಜೊತೆ ಒಂದೊಂದು ಪದವೂ ಬೆಳಗುತ್ತಿತ್ತು. ಪದವನ್ನು ಮುಟ್ಟಿದರೆ ಅದೊಂದನ್ನೇ ಮತ್ತೆ ಕೇಳಬಹುದಿತ್ತು. ಪುಟದ ವಸ್ತುಗಳನ್ನು ಒತ್ತಿದರೆ ಕುಣಿಯುತ್ತಿದ್ದವು. ಇಂಗ್ಲಿಷ್, ಸ್ಪ್ಯಾನಿಷ್, ಜಪಾನಿ ಮೂರೂ ಭಾಷೆಗಳು ಒಂದೇ ತಟ್ಟೆಯಲ್ಲಿದ್ದವು. 1994ರ ಹೊತ್ತಿಗೆ ಪುಸ್ತಕ ಪ್ರಕಾಶಕರಾದ ರ್‍ಯಾಂಡಮ್ ಹೌಸ್ ಈ ಮಾಲೆಗೆ ಪಾಲುದಾರರಾದರು. ತಂತ್ರಾಂಶವನ್ನು ಪುಸ್ತಕದಂತೆ ಕಂಡವರ ಬಳಿಗೆ ಪುಸ್ತಕ ಲೋಕವೇ ನಡೆದು ಬಂದಿತ್ತು.

1993ರಲ್ಲಿ ರ್‍ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸೋದರರ ‘ಮಿಸ್ಟ್’ ಬಂತು. ನಿರ್ಜನ ದ್ವೀಪವೊಂದರಲ್ಲಿ ಅವಸರವಿಲ್ಲದೆ ನಡೆದಾಡುತ್ತ, ಯಂತ್ರಗಳ ಮರ್ಮ ಬಿಡಿಸುತ್ತ ಹೋಗುವ ಆಟ. ಗುಂಡಿಲ್ಲ, ಗಡಿಯಾರವಿಲ್ಲ. ನೋಡುವುದು, ಕೇಳುವುದು, ಟಿಪ್ಪಣಿ ಬರೆದುಕೊಳ್ಳುವುದು ಇಷ್ಟೇ. 2002ರಲ್ಲಿ ‘ದ ಸಿಮ್ಸ್’ ಹಿಂದಿಕ್ಕುವವರೆಗೆ ವೈಯಕ್ತಿಕ ಕಂಪ್ಯೂಟರಿನ ಅತಿ ಹೆಚ್ಚು ಮಾರಾಟವಾದ ಆಟ ಇದೇ. ‘ದ ಸಿಮ್ಸ್’ ಕೂಡ ವಿಲ್ ರೈಟ್ ಅವರದೇ ಕೃತಿ.

ಷೇರು ಪೇಟೆಯ ದಿನಗಳು

1991ರಲ್ಲಿ ಬ್ರೋಡರ್‌ಬಂಡ್ ಷೇರು ಪೇಟೆಗೆ ಬಂತು. ಮನೆತನದ ಕಸುಬು ಸಾರ್ವಜನಿಕ ಕಂಪನಿಯಾಯಿತು. ಸಿ.ಡಿ.-ರಾಮ್ ಉತ್ಸಾಹ ಏರುತ್ತಿದ್ದ ದಿನಗಳವು. ಹಾಲಿವುಡ್ಡಿನವರೂ ದೊಡ್ಡ ಪ್ರಕಾಶಕರೂ ಈ ಕ್ಷೇತ್ರಕ್ಕೆ ನುಗ್ಗಿದರು. ಒಂದು ಕೃತಿ ತಯಾರಿಸುವ ಖರ್ಚು ಏರಿತು, ಅಂಗಡಿಯ ಕಪಾಟಿನಲ್ಲಿ ಜಾಗ ಸಿಗುವುದು ಕಷ್ಟವಾಯಿತು. 1994ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯೊಡನೆ ವಿಲೀನದ ಘೋಷಣೆಯಾಗಿ, ಕೆಲವೇ ತಿಂಗಳಲ್ಲಿ ಮುರಿದುಬಿತ್ತು.

ನಿಜವಾದ ಪೆಟ್ಟು ಬಿದ್ದದ್ದು 1995ರಲ್ಲಿ. ‘ರೀಡರ್ ರ್‍ಯಾಬಿಟ್’ ಖ್ಯಾತಿಯ ದ ಲರ್ನಿಂಗ್ ಕಂಪನಿಯನ್ನು ಸುಮಾರು 44 ಕೋಟಿ ಡಾಲರಿಗೆ ಕೂಡಿಸಿಕೊಳ್ಳಲು ಬ್ರೋಡರ್‌ಬಂಡ್ ಮುಂದಾಗಿತ್ತು. ಅಗ್ಗದ ಸಿ.ಡಿ.ಗಳನ್ನು ರಾಶಿಗಟ್ಟಲೆ ಮಾರಿ ಬೆಳೆದಿದ್ದ ಕೆವಿನ್ ಓ’ಲಿಯರಿ ಅವರ ಸಾಫ್ಟ್‌ಕೀ ಕಂಪನಿ 60 ಕೋಟಿಗೂ ಮಿಕ್ಕ ಬೆಲೆ ಕೂಗಿ ಅದನ್ನು ಸೆಳೆದುಕೊಂಡಿತು. ಎಂಇಸಿಸಿಯನ್ನೂ ಕೊಂಡು, ದ ಲರ್ನಿಂಗ್ ಕಂಪನಿ ಎಂಬ ಹೆಸರನ್ನೇ ತಾನು ಇಟ್ಟುಕೊಂಡಿತು. ಆ ಮೇಲೆ ಬೆಲೆ ಇಳಿಸುವ ಪೈಪೋಟಿ ಕಾವೇರಿತು. ವರ್ಷಗಟ್ಟಲೆ ತಿದ್ದಿ ರೂಪಿಸುವ ಕೃತಿಗೂ ಬೇಗ ಕೂಡಿಹಾಕಿದ ಸರಕಿಗೂ ಕಪಾಟಿನಲ್ಲಿ ಒಂದೇ ಬೆಲೆಯಾದರೆ ಮೊದಲನೆಯದು ಸೊರಗಲೇಬೇಕು. 1996ರಲ್ಲಿ ಡಗ್ ಮುಖ್ಯ ಕಾರ್ಯನಿರ್ವಾಹಕ ಹುದ್ದೆಯನ್ನು ಬೇರೆಯವರಿಗೆ ಒಪ್ಪಿಸಿದರು. 1998ರಲ್ಲಿ ಹೊಸ ಲರ್ನಿಂಗ್ ಕಂಪನಿ ಸುಮಾರು 42 ಕೋಟಿ ಡಾಲರ್ ಮೌಲ್ಯದ ಷೇರುಗಳಿಗೆ ಬ್ರೋಡರ್‌ಬಂಡನ್ನೇ ಕೊಂಡಿತು. ನೂರಾರು ಮಂದಿ ಕೆಲಸ ಕಳೆದುಕೊಂಡರು.

ಮುಂದಿನದು ಇಡೀ ಉದ್ಯಮದ ದುರಂತ. 1999ರಲ್ಲಿ ಗೊಂಬೆ ತಯಾರಕ ಮ್ಯಾಟೆಲ್ ಈ ಲರ್ನಿಂಗ್ ಕಂಪನಿಯನ್ನು ಸುಮಾರು 350 ಕೋಟಿ ಡಾಲರಿಗೆ ಕೊಂಡಿತು. ಕೂಡಲೇ ನಷ್ಟ ಹೊರಬಿತ್ತು. ಮ್ಯಾಟೆಲ್‌ನ ಮುಖ್ಯಸ್ಥೆ ಜಿಲ್ ಬರಾಡ್ 2000ದ ಆರಂಭದಲ್ಲಿ ಹುದ್ದೆ ಬಿಡಬೇಕಾಯಿತು. ಅದೇ ವರ್ಷ ಮ್ಯಾಟೆಲ್ ಮುಂಗಡವಾಗಿ ಒಂದು ಡಾಲರನ್ನೂ ಪಡೆಯದೆ ಅದನ್ನು ಗೋರ್ಸ್ ಸಂಸ್ಥೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ಕಲಿಕೆಯ ತಂತ್ರಾಂಶದ ಮೇಲೆ ಹೂಡಿಕೆದಾರರಿಗಿದ್ದ ನಂಬಿಕೆಯೂ ಅದರೊಡನೆ ಕುಸಿಯಿತು. ಮಕ್ಕಳಿಗೆ ಬೇಡವಾಗಿ ಈ ಕ್ಷೇತ್ರ ಬಿದ್ದಿತೆಂದು ಹೇಳುವವರು ಈ ವ್ಯವಹಾರಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

ಪರಂಪರೆ

ಡಗ್ ಕಾರ್ಲ್‌ಸ್ಟನ್ ಸಂಸ್ಥೆ ಮಾರಿದ ಮೇಲೆ ಸಾರ್ವಜನಿಕ ಕೆಲಸಗಳಲ್ಲಿ ತೊಡಗಿದರು. ಹತ್ತು ಸಾವಿರ ವರ್ಷಗಳ ಮುನ್ನೋಟದಿಂದ ಯೋಚಿಸುವ ಲಾಂಗ್ ನೌ ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ಅದರ ಆರಂಭದ ದಿನಗಳಿಂದಲೂ ಇದ್ದರು. ತಮ್ಮ ಕ್ಷೇತ್ರದ ಮೊದಲ ತಲೆಮಾರಿನವರ ಬಗ್ಗೆ 1985ರಲ್ಲೇ ‘ಸಾಫ್ಟ್‌ವೇರ್ ಪೀಪಲ್’ ಎಂಬ ಪುಸ್ತಕ ಬರೆದಿದ್ದರು. ಯಂತ್ರದ ಹಿಂದಿನ ಮನುಷ್ಯರನ್ನು ನೋಡುವ ಅವರ ದೃಷ್ಟಿಗೆ ಆ ಹೆಸರೇ ಸಾಕ್ಷಿ. 2014ರಲ್ಲಿ ಬ್ರೋಡರ್‌ಬಂಡ್‌ನ ವ್ಯವಹಾರ ಕಡತಗಳು, ಆಟಗಳು, ತಂತ್ರಾಂಶಗಳ ದೊಡ್ಡ ಸಂಗ್ರಹವನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿರುವ ಸ್ಟ್ರಾಂಗ್ ಆಟದ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ತಂತ್ರಾಂಶ ಕಂಪನಿಗಳು ತಮ್ಮ ಹಳೆಯ ಕಾಗದಗಳನ್ನು ಕಸವೆಂದು ಎಸೆಯುವುದು ವಾಡಿಕೆಯಾಗಿರುವಾಗ, ಇದು ಮುಂದಿನ ಸಂಶೋಧಕರಿಗೆ ಮಾಡಿದ ಉಪಕಾರ.

ಮಕ್ಕಳಿಗಾಗಿ ತಂತ್ರಾಂಶ ಕಟ್ಟುವವರು ಯಾವ ನಾಡಿನಲ್ಲಿರಲಿ, ಯಾವ ಭಾಷೆಯಲ್ಲಿರಲಿ, ಈ ಸಂಸ್ಥೆಯ ಚರಿತ್ರೆಯಿಂದ ಕಲಿಯುವುದು ಬಹಳವಿದೆ. ಮಕ್ಕಳನ್ನು ಬಲ್ಲ ಒಬ್ಬ ಅಧ್ಯಾಪಕ, ನಗರ ಕಟ್ಟುವ ಹುಚ್ಚಿನ ಒಬ್ಬ ಯುವಕ, ಸೋತರೂ ಬಿಡದ ಒಬ್ಬ ವಿದ್ಯಾರ್ಥಿ, ಇಂಥವರಿಂದ ಒಳ್ಳೆಯ ಕೃತಿ ಬರುತ್ತದೆ. ಅವರನ್ನು ಗುರುತಿಸುವವರು, ತಿದ್ದುವವರು, ಮುಗಿಯುವವರೆಗೆ ಕಾಯುವವರು, ಮುಗಿದ ಮೇಲೆ ಸಲ್ಲಬೇಕಾದ ಹೆಸರನ್ನೂ ಹಣವನ್ನೂ ಸಲ್ಲಿಸುವವರು ಬೇಕು. ಇವಿಷ್ಟೂ ಇದ್ದಾಗ ಆಟಕ್ಕೂ ಪಾಠಕ್ಕೂ ನಡುವೆ ಗೋಡೆ ಏಳುವುದಿಲ್ಲ. ಕಾರ್ಲ್‌ಸ್ಟನ್ ಕುಟುಂಬ ಹದಿನೆಂಟು ವರ್ಷ ಮಾಡಿ ತೋರಿಸಿದ್ದು ಇದನ್ನೇ. ಕಂಪನಿಯನ್ನು ಕೊಂಡವರಿಗೆ ಅದರ ಕೃತಿಗಳ ಹಕ್ಕು ಸಿಕ್ಕಿತು, ಆ ಕೃತಿಗಳನ್ನು ಹುಟ್ಟಿಸಿದ ಪ್ರಕಾಶಕನ ಶ್ರದ್ಧೆ ಸಿಗಲಿಲ್ಲ. ಅಂಥ ಶ್ರದ್ಧೆಯುಳ್ಳ ಸಂಸ್ಥೆಗಳನ್ನು ಕಟ್ಟುವುದೂ, ಕಟ್ಟಿದವನ್ನು ಉಳಿಸಿಕೊಳ್ಳುವುದೂ ಈ ಕ್ಷೇತ್ರದ ಮುಂದಿರುವ ಮೊದಲ ಕೆಲಸ.